ಹಳೆಯ ಗಣಕಕ್ಕೆ ಹೊಸ ಮೆಮೊರಿ: ಕೂತರೂ ಏಕೆ ಕೆಲಸ ಮಾಡದು?



ನಿಮ್ಮ ಮನೆಯಲ್ಲಿ ಹತ್ತು-ಹದಿನೈದು ವರ್ಷದ ಹಳೆಯ ಗಣಕವೊಂದಿದೆ ಎಂದುಕೊಳ್ಳಿ. ಅಣ್ಣನೋ ಅಕ್ಕನೋ ಓದು ಮುಗಿಸಿ ಬಿಟ್ಟುಹೋದದ್ದು. "ರ್ಯಾಮ್ ಹೆಚ್ಚಿಸು, ಚುರುಕಾಗುತ್ತದೆ" ಎಂದು ಗೆಳೆಯರು ಹೇಳುತ್ತಾರೆ. ನೀವು ಲಕ್ಷ್ಮೇಶ್ವರದಿಂದಲೋ ಶಿರಹಟ್ಟಿ, ಮುಂಡರಗಿಗಳಿಂದಲೋ ಬಸ್ಸು ಹತ್ತಿ ಗದಗಿಗೆ ಬಂದು, ಕೂಡಿಟ್ಟ ಹಣದಲ್ಲಿ 4 ಜಿಬಿಯ ಒಂದು ರ್ಯಾಮ್ ಪಟ್ಟಿ ಕೊಂಡೊಯ್ಯುತ್ತೀರಿ. ಅದು ಸ್ಲಾಟಿನಲ್ಲಿ ಸರಿಯಾಗಿಯೇ ಕೂರುತ್ತದೆ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. "ಮದರ್‌ಬೋರ್ಡ್ ಹೋಯಿತು" ಎಂಬ ತೀರ್ಪು ಹೊರಬೀಳುವುದು ಈ ಹಂತದಲ್ಲಿ. ಎಷ್ಟೋ ಸಲ ಬೋರ್ಡೂ ಹೋಗಿರುವುದಿಲ್ಲ, ಹೊಸ ಪಟ್ಟಿಯೂ ಕೆಟ್ಟಿರುವುದಿಲ್ಲ. ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯದು, ಅಷ್ಟೆ.

ಮೆಮೊರಿಯಲ್ಲಿ ತಲೆಮಾರುಗಳಿವೆ: ಡಿಡಿಆರ್2 (2003), ಡಿಡಿಆರ್3 (2007), ಡಿಡಿಆರ್4 (2014), ಡಿಡಿಆರ್5 (2020). ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಪಟ್ಟಿಯ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಕೊರೆದಿರುತ್ತಾರೆ. ಕೂರದಿದ್ದರೆ ಬಲವಂತ ಮಾಡಬೇಡಿ. ಈ ತಪ್ಪು ಕಣ್ಣಿಗೇ ಕಾಣುವಂಥದು. ತಲೆನೋವು ತರುವುದು ಕೂತೂ ಕೆಲಸ ಮಾಡದ ಪಟ್ಟಿ.

ಅದನ್ನು ತಿಳಿಯಲು ಚಿಪ್‌ನ ಒಳಗೆ ಇಣುಕಬೇಕು. ಬೆಟಗೇರಿಯಲ್ಲಿ ಮಗ್ಗ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಬಟ್ಟೆಯಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಮೆಮೊರಿ ಚಿಪ್‌ನಲ್ಲಿಯೂ ಅಡ್ಡಸಾಲು, ಕಂಬಸಾಲುಗಳಿದ್ದು, ಅವು ಕೂಡುವಲ್ಲಿ ಮಾಹಿತಿ ಕೂತಿರುತ್ತದೆ. (ಚಂದ್ರನಲ್ಲಿಗೆ ಹೋದ ಅಪೊಲೊ ನೌಕೆಯ ಗಣಕದ ಮೆಮೊರಿಯನ್ನು ಕಾಂತದ ಬಳೆಗಳೊಳಗೆ ತಂತಿ ಪೋಣಿಸಿ ನಿಜವಾಗಿಯೂ ಕೈಯಿಂದಲೇ ಹೆಣೆದಿದ್ದರು, ಹೆಣೆದವರು ಮಹಿಳಾ ಕಾರ್ಮಿಕರು.)

ಡಿಡಿಆರ್3ರ ಸಾಮಾನ್ಯ 2 ಗಿಗಾಬಿಟ್ ಚಿಪ್‌ನಲ್ಲಿ 8 ವಿಭಾಗಗಳು. ಪ್ರತಿ ವಿಭಾಗದಲ್ಲಿ 32,768 ಅಡ್ಡಸಾಲು, 1,024 ಕಂಬಸಾಲು. ಪ್ರತಿ ಕೂಡುಜಾಗದಲ್ಲಿ 8 ಬಿಟ್. ಗುಣಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಯಾವ ಸಾಲು ಬೇಕೆಂದು ಕೇಳುವುದು ಮೆಮೊರಿ ನಿಯಂತ್ರಕದ ಕೆಲಸ. ಅದು ಸಾಲಿನ ಸಂಖ್ಯೆಯನ್ನು ವಿಳಾಸ ತಂತಿಗಳ ಮೇಲೆ ಸೊನ್ನೆ-ಒಂದುಗಳಾಗಿ ಕಳಿಸುತ್ತದೆ. 15 ತಂತಿಗಳಿದ್ದರೆ 2ರ 15ನೆಯ ಘಾತ, ಅಂದರೆ 32,768 ಸಾಲುಗಳನ್ನು ಕರೆಯಬಹುದು. 4 ಗಿಗಾಬಿಟ್ ಚಿಪ್‌ನಲ್ಲಿ ಸಾಲುಗಳು 65,536. ಅದಕ್ಕೆ 16ನೆಯ ತಂತಿ ಬೇಕು.

2008ರಲ್ಲಿ ಬಂದ ಇಂಟೆಲ್ ಜಿ41 ಚಿಪ್‌ಸೆಟ್ಟನ್ನು ತೆಗೆದುಕೊಳ್ಳಿ. ಅದು 2 ಗಿಗಾಬಿಟ್ ಚಿಪ್‌ವರೆಗೆ ಮಾತ್ರ ಬಲ್ಲದು. ಡಿಡಿಆರ್3 ಸ್ಲಾಟಿರುವ ಜಿ41 ಬೋರ್ಡಿಗೆ ಎರಡೂ ಬದಿಗೆ ಎಂಟೆಂಟರಂತೆ 16 ಚಿಪ್ ಇರುವ 4 ಜಿಬಿ ಪಟ್ಟಿ ಹಾಕಿದರೆ ನಡೆಯುತ್ತದೆ. ಎಂಟೇ ಚಿಪ್ ಇರುವ 4 ಜಿಬಿ ಪಟ್ಟಿ ನಡೆಯದು, ಏಕೆಂದರೆ ಅದರ ಒಂದೊಂದು ಚಿಪ್ಪೂ 4 ಗಿಗಾಬಿಟ್‌ನದು. ಎರಡರ ಕಚ್ಚೂ ಒಂದೇ, ಚೀಟಿಯ ಮೇಲಿನ "4 ಜಿಬಿ ಡಿಡಿಆರ್3" ಎಂಬ ಬರಹವೂ ಒಂದೇ! ಅದೇ ಚೀಟಿಯಲ್ಲಿ 16 ಚಿಪ್‌ನದಕ್ಕೆ "2ಆರ್×8", ಎಂಟರದಕ್ಕೆ "1ಆರ್×8" ಎಂದಿರುತ್ತದೆ. ಹಳೆಯ ಬೋರ್ಡಿಗೆ ಕೊಳ್ಳುವಾಗ ಬೆಲೆಗಿಂತ ಮೊದಲು ಈ ಗುರುತನ್ನು ಓದಿ.

ಹೀಗೆಯೇ ಕೂತು ಕೈಕೊಡುವ ಇನ್ನೆರಡು ಬಗೆಗಳಿವೆ. "ಪಿಸಿ3" ಪಟ್ಟಿ ನಡೆಯುವುದು 1.5 ವೋಲ್ಟಿನಲ್ಲಿ, "ಪಿಸಿ3ಎಲ್" 1.35 ವೋಲ್ಟಿನಲ್ಲಿ. 2013ರಿಂದೀಚಿನ ಅನೇಕ ಲ್ಯಾಪ್‌ಟಾಪ್‌ಗಳು ಎರಡನೆಯದನ್ನೇ ಒಪ್ಪುತ್ತವೆ. ಇನ್ನೊಂದು, ದೊಡ್ಡ ಸರ್ವರ್‌ಗಳಿಂದ ಕಳಚಿದ "ರಿಜಿಸ್ಟರ್ಡ್" ಮೆಮೊರಿ. ಹಳೆ ಸಾಮಾನಿನ ಪೇಟೆಯಲ್ಲಿ ಅಗ್ಗವಾಗಿ ಸಿಗುತ್ತದೆ, ಮನೆಯ ಗಣಕದಲ್ಲಿ ಕೆಲಸಕ್ಕೆ ಬಾರದು.

ಪರದೆ ಕಪ್ಪಾದರೆ ಹೆದರದೆ ವಿದ್ಯುತ್ ತಂತಿಯನ್ನು ಗೋಡೆಯಿಂದ ಕೀಳಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಹೋಗಲಿ. ಚಳಿಗಾಲದ ಒಣಹವೆಯಲ್ಲಿ ಇದು ಇನ್ನೂ ಮುಖ್ಯ. ಈಗ ಹಳೆಯ ಪಟ್ಟಿಯೊಂದನ್ನೇ ಹಾಕಿ ಚಾಲೂ ಮಾಡಿ. ಎದ್ದರೆ ಬೋರ್ಡು ಸರಿಯಿದೆ. ಬಳಿಕ ಪ್ರತಿ ಸಲವೂ ತಂತಿ ಕಿತ್ತು, ಹೊಸದೊಂದನ್ನೇ ಮೊದಲು ಒಂದು ಸ್ಲಾಟಿನಲ್ಲಿ, ಆಮೇಲೆ ಇನ್ನೊಂದರಲ್ಲಿ ಇಟ್ಟು ನೋಡಿ. ಎರಡೂ ಕಡೆಯ ಕೊಂಡಿ "ಟಕ್" ಎನ್ನುವವರೆಗೆ ಒತ್ತಬೇಕು. ನಮ್ಮ ಕಡೆಯ ಎರೆಮಣ್ಣಿನ ಧೂಳು ಸ್ಲಾಟಿನೊಳಗೂ ಕೂರುತ್ತದೆ, ಬ್ರಷ್ಷಿನಿಂದ ತೆಗೆಯಿರಿ. ಪಟ್ಟಿಯ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ. ಆಗಲೂ ಏಳದಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಬಯಾಸ್ ತನ್ನ ಹಳೆಯ ಹೊಂದಾಣಿಕೆಗಳನ್ನು ಮರೆತು ಹೊಸದಾಗಿ ಎಣಿಸುತ್ತದೆ.

ಗಣಕ ಎದ್ದು, ನಡುನಡುವೆ ನಿಂತುಹೋಗುತ್ತಿದ್ದರೆ "ಮೆಮ್‌ಟೆಸ್ಟ್86+" ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ತೋರಿದರೂ ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿ. 4 ಜಿಬಿ ಹಾಕಿದರೂ ವಿಂಡೋಸ್ 3 ಚಿಲ್ಲರೆ ಜಿಬಿ ಮಾತ್ರ ತೋರಿಸುತ್ತಿದ್ದರೆ ಅಂಗಡಿಯವರೊಡನೆ ಜಗಳ ಬೇಡ. ನಿಮ್ಮದು 32 ಬಿಟ್‌ನ ವಿಂಡೋಸ್ ಆಗಿರಬಹುದು. 2ರ 32ನೆಯ ಘಾತದಷ್ಟೇ ವಿಳಾಸ ಅದಕ್ಕೆ ಗೊತ್ತು, ಅದರಲ್ಲಿಯೂ ಒಂದು ಪಾಲು ಇತರ ಯಂತ್ರಭಾಗಗಳಿಗೆ ಹೋಗುತ್ತದೆ.

ಗದಗಿನ ಬಸ್ಸು ಹತ್ತುವಾಗ ಹಳೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಜೊತೆಗೊಯ್ಯಿರಿ. ಬೋರ್ಡಿನ ಮೇಲೆ ಅಚ್ಚಾದ ಮಾದರಿ ಸಂಖ್ಯೆಯನ್ನೂ ಬರೆದುಕೊಳ್ಳಿ. ಹೊಂದದಿದ್ದರೆ ಬದಲಿಸಿ ಕೊಡುವಿರಾ ಎಂದು ಹಣ ಕೊಡುವ ಮೊದಲೇ ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿ.