ಬಾಯಿಯ ಎಣಿಕೆ, ಕೈಯ ಎಣಿಕೆ

ಒಂದರಿಂದ ನೂರರವರೆಗೆ ತಡೆಯಿಲ್ಲದೆ ಒಪ್ಪಿಸುವ ಮಗುವನ್ನು ಕಂಡು ತಾಯಿತಂದೆಗಳು ಹಿಗ್ಗುವುದು ಸಹಜವೇ. ಆದರೆ ಅದೇ ಮಗುವಿನ ಮುಂದೆ ಒಂದಷ್ಟು ಹುಣಸೆಬೀಜಗಳನ್ನು ಸುರಿದು, ‘ಏಳು ಬೀಜ ಕೊಡು’ ಎಂದರೆ, ಅದು ಕೈಗೆ ಬಂದಷ್ಟನ್ನು ತೆಗೆದುಕೊಡುವುದುಂಟು. ಸಂಖ್ಯೆಗಳ ಹೆಸರು ಹೇಳುವುದು ಬೇರೆ, ಎಣಿಸುವುದು ಬೇರೆ ಎಂಬುದನ್ನು ನಾವು ಮೊದಲು ಮನಗಾಣಬೇಕು.

ಎಣಿಕೆಯಲ್ಲಿ ಮುಖ್ಯವಾಗಿ ಮೂರು ತಿಳಿವಳಿಕೆಗಳು ಅಡಗಿವೆ. ಒಂದು ವಸ್ತುವಿಗೆ ಒಂದೇ ಹೆಸರು. ಹೆಸರುಗಳ ಕ್ರಮ ಎಂದೂ ಬದಲಾಗದು. ಕೊನೆಯಲ್ಲಿ ಹೇಳಿದ ಹೆಸರೇ ಒಟ್ಟು ಮೊತ್ತ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಅಮೆರಿಕದ ವಿದ್ವಾಂಸರು ೧೯೭೮ರ ತಮ್ಮ ಗ್ರಂಥದಲ್ಲಿ ಈ ತತ್ತ್ವಗಳನ್ನು ವಿವರಿಸಿದ್ದಾರೆ. ಐದು ಬೀಜಗಳನ್ನು ಎಣಿಸಿ ಮುಗಿಸಿದ ಮಗು, ‘ಎಷ್ಟಿವೆ?’ ಎಂದೊಡನೆ ಪುನಃ ಮೊದಲಿನಿಂದ ಎಣಿಸತೊಡಗಿದರೆ, ಮೂರನೆಯ ತಿಳಿವಳಿಕೆ ಅದಕ್ಕಿನ್ನೂ ಒದಗಿಲ್ಲವೆಂದರ್ಥ. ಗದರಿಸುವುದರಿಂದ ಅದು ಬಾರದು, ಕೈಯಾಡಿಸುವುದರಿಂದ ಬರುವುದು.

ಆದುದರಿಂದ ಐದರೊಳಗಿನ ಎಣಿಕೆಯಿಂದ ತೊಡಗೋಣ. ಮಗು ಬೀಜಗಳನ್ನು ಒಂದೊಂದಾಗಿ ಬದಿಗೆ ಸರಿಸುತ್ತ ಎಣಿಸಲಿ. ಸಾಲಾಗಿಟ್ಟುದನ್ನು ವೃತ್ತವಾಗಿಟ್ಟು ನೋಡಲಿ. ಐದು ಐದೇ ಆಗಿ ಉಳಿಯುವುದನ್ನು ತಾನೇ ಕಂಡುಕೊಳ್ಳಲಿ. ಮನೆಯಲ್ಲಿ ಊಟಕ್ಕೆ ಎಲೆ ಹಾಕುವಾಗ, ಒಬ್ಬೊಬ್ಬರಿಗೆ ಒಂದೊಂದರಂತೆ ಎಣಿಸಿ ತರುವ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು.

ನಮ್ಮ ಕಾಸರಗೋಡಿನ ಕಡೆ ಆಟಿ ತಿಂಗಳಲ್ಲಿ ಆಡುವ ಚೆನ್ನೆಮಣೆಯೂ ಒಂದು ಲೆಕ್ಕದ ಶಾಲೆಯೇ. ೧೪ ಕುಳಿ, ಕುಳಿಗೆ ೪ರಂತೆ ೫೬ ಬೀಜ. ಕುಳಿಗೊಂದರಂತೆ ಬಿತ್ತುತ್ತ ಸಾಗುವ ಬೆರಳು ಎಣಿಕೆಯನ್ನು ತಪ್ಪಲಾರದು.

ಹತ್ತನ್ನು ದಾಟಿದ ಮೇಲೆ ತೆಂಗಿನ ಗರಿಯ ಕಡ್ಡಿಗಳು ಬೇಕು. ಹತ್ತು ಕಡ್ಡಿಯಾದೊಡನೆ ಬಾಳೆನಾರಿನಿಂದ ಒಂದು ಕಟ್ಟು ಕಟ್ಟಲಿ. ಎರಡು ಕಟ್ಟು, ಐದು ಬಿಡಿ ಕಡ್ಡಿ: ಇಪ್ಪತ್ತು, ಐದು, ಇಪ್ಪತ್ತೈದು. ೨೫ ಎಂದು ಬರೆದಾಗ ಎಡಗಡೆಯ ಎರಡು ಕಟ್ಟುಗಳೆಂದೂ ಬಲಗಡೆಯ ಐದು ಬಿಡಿಗಳೆಂದೂ ಮಗುವಿಗೆ ಆಗ ಸ್ಪಷ್ಟವಾಗುವುದು.

ನಮ್ಮ ಶಾಲೆಗಳಿಗೆ ತುಳು, ಮಲಯಾಳ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳೂ ಬರುತ್ತಾರೆ. ಮನೆಯಲ್ಲಿ ‘ಐನ್’ ಎಂದು ಕಲಿತ ಮಗು ‘ಐದು’ ಎನ್ನಲು ತಡೆದರೆ ಅದನ್ನು ದಡ್ಡನೆನ್ನಬಾರದು. ಅಂಗೈಯಲ್ಲಿ ಐದು ಬೀಜಗಳನ್ನು ಇಟ್ಟು ತೋರಿಸಿದರೆ ಅದಕ್ಕೆ ಲೆಕ್ಕ ಗೊತ್ತು. ಬೇಕಾದುದು ಕನ್ನಡದ ಹೆಸರು ಮಾತ್ರ.

ಎಚ್ಚರಿಕೆಯ ಮಾತೊಂದುಂಟು. ತೀರ ಚಿಕ್ಕ ಮಕ್ಕಳು ಬೀಜಗಳನ್ನು ಬಾಯಿಗೂ ಮೂಗಿಗೂ ಹಾಕಿಕೊಳ್ಳುವರು. ಹಿರಿಯರು ಬಳಿಯಲ್ಲೇ ಇರಬೇಕು. ಗುಲಗಂಜಿ ವಿಷಬೀಜ, ಅದನ್ನು ಆಟಕ್ಕೆ ಬಳಸಲೇಕೂಡದು.

ವಿದ್ಯಾರ್ಥಿಮಿತ್ರರೇ, ನಿಮ್ಮ ತಮ್ಮ ತಂಗಿಯರೊಡನೆ ದಿನಕ್ಕೆ ಹತ್ತು ನಿಮಿಷ ಹೀಗೆ ಆಡಿರಿ. ನೂರರವರೆಗೆ ಒಪ್ಪಿಸುವ ಆತುರ ಬೇಡ. ಹತ್ತನ್ನು ಕೈಯಾರೆ ಎಣಿಸಿ ಅರಿತ ಮಗು ನೂರನ್ನು ತಾನಾಗಿಯೇ ಮುಟ್ಟುವುದು.