ಅಲೆಗಳ ಹಾದಿ ಹಿಡಿದ ಕನ್ನಡತಿ

ತಿರುವನಂತಪುರದ ಉಳ್ಳೂರಿನಲ್ಲಿ ನೆಲೆಸಿದ ಕನ್ನಡಿಗರು ಮೈಸೂರಿನ ತಾಯಿಯೊಡನೆ ಕ್ಷಣಮಾತ್ರದಲ್ಲಿ ಮಾತನಾಡುವುದು ಇಂದು ಅಚ್ಚರಿಯ ಸಂಗತಿಯಲ್ಲ. ಟ್ರಂಕ್ ಕಾಲ್ ಕಾಯ್ದಿರಿಸಿ ಗಂಟೆಗಟ್ಟಲೆ ಕಾದ ಹಿರಿಯರೇ ಅದರ ಬೆಲೆಯನ್ನು ಬಲ್ಲರು. ಮೊಬೈಲಿನ ಮಾತನ್ನೂ ಕಂಪ್ಯೂಟರಿನ ಸಂದೇಶವನ್ನೂ ತಂತಿಯ ನೆರವಿಲ್ಲದೆ ಒಯ್ಯುವುದು ಸೂಕ್ಷ್ಮತರಂಗ, ಅಂದರೆ ಮೈಕ್ರೋವೇವ್. ಈ ವಿದ್ಯೆಗೆ ಭಾರತದಲ್ಲಿ ತಳಹದಿ ಹಾಕಿದವರಲ್ಲಿ ಶ್ರೀಮತಿ ರಾಜೇಶ್ವರಿ ಚಟರ್ಜಿ ಅವರೂ ಒಬ್ಬರು.

1922ರಲ್ಲಿ ಜನಿಸಿದ ರಾಜೇಶ್ವರಿಯವರಿಗೆ ವಿದ್ಯೆಯ ಬಾಗಿಲು ತೆರೆದವರು ಅಜ್ಜಿ ಕಮಲಮ್ಮ ದಾಸಪ್ಪನವರು. ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರ ಸಾಲಿಗೆ ಸೇರಿದ ಆ ತಾಯಿ ವಿಧವೆಯರ, ಪರಿತ್ಯಕ್ತೆಯರ ಶಿಕ್ಷಣಕ್ಕಾಗಿ ದುಡಿದವರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಪದವಿಯನ್ನು ಪ್ರಥಮ ಸ್ಥಾನದೊಡನೆ ಪಡೆದು, 1943ರಲ್ಲಿ ಭಾರತೀಯ ವಿಜ್ಞಾನ ಮಂದಿರವನ್ನು ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಹೆಣ್ಣುಮಕ್ಕಳು ಎಂಜಿನಿಯರಿಂಗ್ ಕಡೆಗೆ ಸುಳಿಯದಿದ್ದ ಕಾಲವದು.

ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿದ ಅವರು 1953ರಲ್ಲಿ ಪಿಎಚ್.ಡಿ. ಮುಗಿಸಿದರು. ಆದರೆ ಅಲ್ಲಿಯೇ ನಿಲ್ಲಲಿಲ್ಲ. ತಾಯ್ನಾಡಿಗೆ ಮರಳಿ ತಾವು ಕಲಿತ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾದರು. ಅದೇ ವರ್ಷ ಸಹೋದ್ಯೋಗಿ ಶಿಶಿರ ಕುಮಾರ ಚಟರ್ಜಿಯವರನ್ನು ವರಿಸಿದರು. ದಂಪತಿಗಳಿಬ್ಬರೂ ಸೇರಿ ಸೂಕ್ಷ್ಮತರಂಗ ಸಂಶೋಧನೆಗೆ ಪ್ರಯೋಗಾಲಯವನ್ನು ಕಟ್ಟಿದರು.

ಸೂಕ್ಷ್ಮತರಂಗವು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುವುದು. ಭೂಮಿಯ ಬಾಗನ್ನು ಅನುಸರಿಸದು. ಆದುದರಿಂದಲೇ ಊರೂರಿನ ನಡುವೆ ಎತ್ತರದ ಗೋಪುರಗಳು ಎದ್ದವು. ಒಂದು ಗೋಪುರ ಹಿಡಿದುದನ್ನು ಬಲಪಡಿಸಿ ಮುಂದಿನದಕ್ಕೆ ದಾಟಿಸುತ್ತದೆ. ಹೀಗೆ ಒಂದೇ ಹಾದಿಯಲ್ಲಿ ನೂರಾರು ಮಾತುಕತೆಗಳು ಒಮ್ಮೆಗೇ ಸಾಗಬಲ್ಲವು. ಅಲೆಯನ್ನು ಬೇಕಾದ ದಿಕ್ಕಿಗೆ ಕಳುಹಿಸುವ, ಬಂದುದನ್ನು ಹಿಡಿಯುವ ಸಾಧನವೇ ಆಂಟೆನಾ. ರಾಜೇಶ್ವರಿಯವರ ಜೀವಮಾನದ ಅಧ್ಯಯನದ ವಿಷಯವೂ ಅದೇ. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನೂ ಏಳು ಗ್ರಂಥಗಳನ್ನೂ ರಚಿಸಿದ ಅವರು 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ನೀಡಿದರು, ವಿಭಾಗದ ಮುಖ್ಯಸ್ಥೆಯೂ ಆದರು.

1982ರಲ್ಲಿ ನಿವೃತ್ತರಾದ ಮೇಲೆ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ಮಹಿಳಾ ಅಧ್ಯಯನ ಸಂಘಟನೆಯಲ್ಲಿ ತೊಡಗಿ ಸ್ತ್ರೀಯರ ಏಳಿಗೆಗಾಗಿ ಶ್ರಮಿಸಿದರು. ಅಜ್ಜಿಯಿಂದ ಬಂದ ಋಣವನ್ನು ಅವರು ತೀರಿಸಿದ ಬಗೆ ಅದು. ಮಗಳು ಇಂದಿರಾ ಚಟರ್ಜಿಯವರೂ ಅಮೆರಿಕೆಯಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಿಕೆಯಾದರು. ರಾಜೇಶ್ವರಿಯವರು 2010ರ ಸೆಪ್ಟೆಂಬರಿನಲ್ಲಿ ಕಾಲವಶರಾದರು.

ದೂರದ ಊರಿನಿಂದ ಮನೆಯವರ ದನಿ ಕಿವಿಗೆ ಬಿದ್ದಾಗಲೆಲ್ಲ ಈ ಹಿರಿಯರನ್ನು ನೆನೆಯುವುದು ಉಚಿತ. ಗಣಿತದಲ್ಲಿ ಆಸಕ್ತಿಯುಳ್ಳ ಮಗಳು ಮನೆಯಲ್ಲಿದ್ದರೆ, "ಹುಡುಗಿಗೆ ಇಷ್ಟು ಓದು ಸಾಕು" ಎನ್ನುವ ಮೊದಲು ಕಮಲಮ್ಮನವರನ್ನೂ ಒಮ್ಮೆ ನೆನೆಯೋಣ.