ಅಲೆಯುವ ರೋಗಿಗೆ ಊರು ಸಿಗುವ ಬಗೆ

ಉಳ್ಳೂರಿನಿಂದ ಪೇರೂರ್ಕಡಕ್ಕೆ ಹೆಚ್ಚು ದೂರವಿಲ್ಲ. ಅಲ್ಲಿ ಊಳಂಪಾರದಲ್ಲಿರುವ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರವು ತಿರುವಾಂಕೂರು ಅರಸರ ಕಾಲದಲ್ಲಿ, 1870ರಲ್ಲಿ, ಆರಂಭವಾದ ಸಂಸ್ಥೆ. ಕೇರಳದಲ್ಲಿ ಇಂತಹ ಸರ್ಕಾರಿ ಕೇಂದ್ರಗಳು ಮೂರು. ಉಳಿದೆರಡು ತೃಶ್ಶೂರು ಮತ್ತು ಕೋಳಿಕ್ಕೋಡಿನಲ್ಲಿವೆ. ರೈಲು ನಿಲ್ದಾಣದಲ್ಲೋ ಅಂಗಡಿ ಜಗಲಿಯಲ್ಲೋ ಅಲೆಯುತ್ತಿದ್ದು, ಪೊಲೀಸರ ಮೂಲಕ ಇಂತಹ ಕಡೆಗೆ ಬಂದು ಸೇರುವ ಹೊರ ರಾಜ್ಯದವರೂ ಉಂಟು. ಔಷಧದಿಂದ ಚೇತರಿಸಿಕೊಂಡ ಮೇಲೂ ಅಂಥವರಲ್ಲಿ ಕೆಲವರು ಮನೆಗೆ ಮರಳಲಾರದೆ ಉಳಿದುಬಿಡುತ್ತಾರೆ. ಅವರು ಹೇಳುವ ಊರು ಎಲ್ಲಿಯದೆಂದು ಕೇಳುವವರಿಗೆ ತಿಳಿಯದಿರುವುದು ಇದಕ್ಕೆ ಒಂದು ದೊಡ್ಡ ಕಾರಣ. ಈ ಕೆಲಸದಲ್ಲಿ ವೈದ್ಯರೂ ಅಲ್ಲದ, ಹಣವಂತರೂ ಅಲ್ಲದ ನಮ್ಮಂಥವರಿಂದ ಉಪಯೋಗವಿದೆ.

ಮೊದಲು ಕಾಯಿದೆಯ ಮಾತು. ಬೀದಿಯಲ್ಲಿ ಮಲಗುವವರೆಲ್ಲ ರೋಗಿಗಳಲ್ಲ. ಬಾಡಿಗೆ ಕೊಡಲಾರದೆ ಮಲಗಿರುವ ಕೂಲಿಯವರನ್ನು ಆಸ್ಪತ್ರೆಗೆ ಎಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಮನೋರೋಗದಿಂದ ತನ್ನನ್ನು ತಾನು ನೋಡಿಕೊಳ್ಳಲಾರದೆ ಅಲೆಯುವವನಿಗೆ ರಕ್ಷಣೆ ಕೊಡುವುದು ಠಾಣಾಧಿಕಾರಿಯ ಕರ್ತವ್ಯವೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 100ನೆಯ ಕಲಮು ಹೇಳುತ್ತದೆ. 24 ಗಂಟೆಯೊಳಗೆ ಅವನನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡಕೂಡದು. ಕಾಣೆಯಾದವನೆಂದು ಎಫ್.ಐ.ಆರ್. ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯದೇ ಹೊಣೆ. ದಿಕ್ಕಿಲ್ಲದವರಿಗೆ, ಮನೆಯಿಲ್ಲದವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಚಿಕಿತ್ಸೆ ಪುಕ್ಕಟೆ. ರೇಷನ್ ಕಾರ್ಡ್ ಕೇಳಿ ಹಿಂದಕ್ಕೆ ಕಳುಹಿಸುವಂತಿಲ್ಲ. ಆದ್ದರಿಂದ ಅಂಥವನನ್ನು ಕಂಡರೆ ನಾಲ್ಕು ಜನ ಸೇರಿ ಹಿಡಿದು ತಲೆ ಬೋಳಿಸಿ ಸ್ನಾನ ಮಾಡಿಸುವ ‘ಸೇವೆ’ಯನ್ನು ಬಿಟ್ಟು, ಠಾಣೆಗೆ ತಿಳಿಸುವುದು ಲೇಸು. ಅವನ ಚಿತ್ರ ತೆಗೆದು ಮೊಬೈಲಿನಲ್ಲಿ ಊರೆಲ್ಲ ಹಂಚುವುದೂ ತರವಲ್ಲ. ಮನೆಯಲ್ಲಿ ಮದುವೆಗೆ ಬಂದ ತಂಗಿ ಇರಬಹುದು.

ಇನ್ನು ಭಾಷೆಯ ಸಂಗತಿ. ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ ಹೆಚ್ಚಾಗಿ ಹರೆಯದಲ್ಲಿ, ದುಡಿಯುವ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲದ ದನಿ ಕೇಳಿಸುತ್ತದೆ, ಎಲ್ಲರ ಮೇಲೂ ಸಂಶಯ ಬರುತ್ತದೆ. ಸಿಕ್ಕಿದ ರೈಲು ಹತ್ತಿ ಹೊರಟವನು ಭಾಷೆ ಬಾರದ ಊರಿನಲ್ಲಿ ಇಳಿಯುತ್ತಾನೆ. ಚಿಕಿತ್ಸೆಯಿಂದ ಮನಸ್ಸು ತಿಳಿಯಾದಂತೆ ಹಳೆಯ ನೆನಪುಗಳು ಮೇಲೆ ಬರುತ್ತವೆ. ಅವು ಬರುವುದು ತಾಯಿನುಡಿಯಲ್ಲಿ. ಅವನು “ಹೊಸಹಳ್ಳಿ” ಎಂದರೆ ಮಲಯಾಳಿ ದಾದಿ ಬರೆದುಕೊಂಡಾಳು. ಆದರೆ ಆ ಹೆಸರಿನ ಹಳ್ಳಿಗಳು ಕರ್ನಾಟಕದಲ್ಲಿ ಎಷ್ಟೋ! ಹೋಬಳಿ ಯಾವುದು, ಸಂತೆ ಯಾವ ವಾರ, ಜಾತ್ರೆ ಯಾವ ದೇವರದು, ಬಸ್ಸು ಯಾವ ಪೇಟೆಗೆ ಹೋಗುತ್ತದೆ ಎಂದು ಕೇಳಲು ನಮ್ಮವರೇ ಬೇಕು. ಹೆಂಗಸಾದರೆ ಗಂಡನ ಮನೆಯ ಸುದ್ದಿಗಿಂತ ತವರಿನ ಸುದ್ದಿ ಮೊದಲು ಕೇಳಿರಿ. “ಹೋಗಾಕತ್ತೀನ್ರಿ” ಎಂದವರನ್ನು ಮಂಡ್ಯದ ಕಡೆ ಹುಡುಕಿ ಪ್ರಯೋಜನವಿಲ್ಲ. ಇದು ನಮ್ಮ ಹೋಟೆಲಿನ ಮಾಣಿಗೂ ಗೊತ್ತು. ಬೇರೆ ಭಾಷೆಯ ಎಂ.ಡಿ. ಓದಿದವರಿಗೆ ಹೇಗೆ ಗೊತ್ತಾಗಬೇಕು? ಆದರೆ ಹೀಗೆ ಕೇಳುವುದು ವೈದ್ಯರು ಒಪ್ಪಿದ ಹೊತ್ತಿನಲ್ಲಿ, ಅವನಿಗೂ ಮನಸ್ಸಿದ್ದಾಗ. ಒಂದೇ ದಿನದಲ್ಲಿ ಎಲ್ಲ ಹೊರಬರಬೇಕೆಂಬ ಅವಸರ ಬೇಡ. ನಮ್ಮಲ್ಲಿ ಇಬ್ಬರು ಮೂವರು ಆಸ್ಪತ್ರೆಯ ಸಮಾಜ ಕಾರ್ಯಕರ್ತರಲ್ಲಿ ಹೆಸರು ಕೊಟ್ಟು, ಕನ್ನಡದ ರೋಗಿ ಬಂದಾಗ ಕರೆಯಿರೆಂದು ಹೇಳಿಡಬಹುದು.

ಸಾಮಾನ್ಯ ಜನ ಇದರಲ್ಲಿ ಏನು ಮಾಡಬಲ್ಲರೆಂಬುದಕ್ಕೆ ಇದೇ ರಾಜ್ಯದ ಬಡಗಣ ತುದಿಯಲ್ಲಿ, ನಮ್ಮ ಭಾಷೆಯ ಗಡಿನಾಡಿನಲ್ಲಿ, ನಿದರ್ಶನವಿದೆ. ಮಂಗಳೂರಿನಲ್ಲಿ ಆಟೋರಿಕ್ಷಾ ಓಡಿಸುತ್ತಿದ್ದ ಜೋಸೆಫ್ ಕ್ರಾಸ್ತಾ ಎಂಬವರು 2009ರಲ್ಲಿ ಆರಂಭಿಸಿದ ಸ್ನೇಹಾಲಯವು ಮಂಜೇಶ್ವರದ ಪಾವೂರಿನಲ್ಲಿದೆ. ಬೀದಿಯ ಮನೋರೋಗಿಗಳಿಗೆ ಅಲ್ಲಿ ಊಟ, ವಸತಿ, ಚಿಕಿತ್ಸೆ ಸಿಗುತ್ತದೆ. ಗುಣವಾದವರ ಮನೆ ಹುಡುಕುವುದೂ ನಡೆಯುತ್ತದೆ. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಇದೇ ಕೆಲಸ ಮಾಡುವ ಡಾ. ಭರತ್ ವಾಟ್ವಾಣಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮನೆ ಸಿಕ್ಕಿತೆಂದರೆ ಮುಗಿಯಲಿಲ್ಲ. ಗುಣವಾಯಿತೆಂದು ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಿ ಅವನು ಮತ್ತೆ ರೈಲು ಹತ್ತಿಯಾನು. ಆದುದರಿಂದ ಔಷಧದ ಚೀಟಿಯನ್ನು ಮನೆಯವರ ಕೈಗೆ ಕೊಟ್ಟು, ಮುಂದಿನ ಮಾತ್ರೆ ಎಲ್ಲಿ ಸಿಗುತ್ತದೆಂದು ಕನ್ನಡದಲ್ಲಿ ವಿವರಿಸಬೇಕು. ಹಳ್ಳಿಯವರಿಗೆ ಹತ್ತಿರದಲ್ಲೇ ಮನೋರೋಗದ ಔಷಧ ಸಿಗಬೇಕೆಂಬ ಯತ್ನವನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಹೆಸರು ಹೇಳಿ ವಿಚಾರಿಸಬಹುದು.

ಮನೆಯವರೇ ಬೇಡವೆಂದರೆ? ಹಾಗೆ ಆಗುವುದುಂಟು, ಹೆಂಡತಿ ಬೇರೆ ಮದುವೆಯಾಗಿರುತ್ತಾಳೆ, ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಿರುತ್ತಾರೆ. ಅಂಥವರನ್ನು ಜೀವಮಾನವೆಲ್ಲ ವಾರ್ಡಿನಲ್ಲಿ ಇಡುವುದು ಸರಿಯಲ್ಲವೆಂದು, ಚೆನ್ನೈಯಲ್ಲಿ 1993ರಲ್ಲಿ ಆರಂಭವಾದ ಬನ್ಯನ್ ಸಂಸ್ಥೆಯವರು ನಾಲ್ಕೈದು ಜನರಿಗೆ ಒಂದರಂತೆ ಸಾಮಾನ್ಯ ಬೀದಿಗಳಲ್ಲೇ ಬಾಡಿಗೆ ಮನೆ ಹಿಡಿದು, ಜೊತೆಗೊಬ್ಬರನ್ನು ಸಹಾಯಕ್ಕಿಟ್ಟು ಇರಿಸುತ್ತಿದ್ದಾರೆ. ಕೇರಳದಲ್ಲಿಯೂ ಇಂತಹ ಮನೆಗಳಾಗಿವೆ. ಅಡಿಗೆ, ಸಂತೆ, ಸಣ್ಣ ಕೆಲಸ ಎಲ್ಲ ಅವರದೇ. ಅಂತಹ ಮನೆಗೆ ಬಾಡಿಗೆ ಕೊಡುವ ಮಾಲೀಕನೂ, ಪಕ್ಕದಲ್ಲಿ ಗದ್ದಲವೆಬ್ಬಿಸದ ನೆರೆಯವನೂ ಸಿಕ್ಕುವುದೇ ಕಷ್ಟ.

ನಮ್ಮದೇ ಕೋಣೆಯ ಜೊತೆಗಾರನಿಗೆ ನಿದ್ದೆ ಹೋಗಿ, ಒಬ್ಬನೇ ಮಾತಾಡಿಕೊಳ್ಳುವುದು ಕಂಡುಬಂದರೆ ಬೀದಿಗೆ ಬೀಳುವವರೆಗೆ ಕಾಯುವುದೇಕೆ? ಸರ್ಕಾರದ ಟೆಲಿ-ಮಾನಸ್ ದೂರವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು, ಕಾಸಿಲ್ಲ, ಕನ್ನಡದಲ್ಲಿಯೂ ಮಾತನಾಡುತ್ತಾರೆ.